ಡಿಎಸ್‌ಎಲ್‌ಆರ್ ಕೊಳ್ಳಲು ಇದು ಹೊತ್ತೇ?

ರಾತ್ರಿ ಹನ್ನೊಂದು ದಾಟಿದೆ. ತೆಂಕುತಿಟ್ಟಿನ ಯಕ್ಷಗಾನ ಮೇಳವೊಂದರ ರಂಗಸ್ಥಳದಲ್ಲಿ ಅಭಿಮನ್ಯು ದಿಗಿಣ ಹಾರುತ್ತಿದ್ದಾನೆ, ಚೆಂಡೆ ಏರಿದೆ. ಮುಂದಿನ ಸಾಲಿನಲ್ಲಿ ಮೂವರು ಫೋಟೊ ತೆಗೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರ ಕೈಯಲ್ಲಿ ದುಬಾರಿ ಫೋನ್. ಇನ್ನೊಬ್ಬರ ಬಳಿ ಮೊನ್ನೆಯಷ್ಟೇ ಕೊಂಡ ಡಿಎಸ್‌ಎಲ್‌ಆರ್, ಅದಕ್ಕೆ ಪೆಟ್ಟಿಗೆಯಲ್ಲೇ ಬಂದ 18-55 ಕಿಟ್ ಲೆನ್ಸ್. ಮೂರನೆಯವರದು ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್. ಆದರೆ ಅದರ ಮುಂದಿರುವುದು 50 ಎಂಎಂ, ಎಫ್/1.8 ಲೆನ್ಸ್. ಗಾಳಿಯಲ್ಲಿ ನಿಂತ ಕಾಲು, ಕಣ್ಣಿನ ಕಾಡಿಗೆ, ಕಿರೀಟದ ಮಿಂಚು ಇವೆಲ್ಲ ಕದಡದೆ ಸಿಗುವ ಸಾಧ್ಯತೆ ಹೆಚ್ಚಿರುವುದು ಮೂರನೆಯವರಿಗೆ.

ಇದರ ಹಿಂದಿರುವುದು ಸರಳ ಲೆಕ್ಕ. ಹಾರುತ್ತಿರುವ ವೇಷ ಮಸುಕಾಗದೆ ಮೂಡಬೇಕಾದರೆ ಶಟರ್ ಸೆಕೆಂಡಿನ 1/500 ಭಾಗದಷ್ಟು ಹೊತ್ತು ಮಾತ್ರ ತೆರೆದಿರಬೇಕು. ಅಷ್ಟರಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕು. ಕಿಟ್ ಲೆನ್ಸನ್ನು 55 ಎಂಎಂವರೆಗೆ ಎಳೆದರೆ ಅದರ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಬೆಳಕನ್ನು ಒಳಬಿಡುತ್ತದೆ. ಕಿಟ್ ಲೆನ್ಸಿಗೆ ಐಎಸ್‌ಒ 12800 ಬೇಕಾಗುವ ಕಡೆ ಇದಕ್ಕೆ 1300ರ ಸುತ್ತಮುತ್ತ ಸಾಕು. ಒಂದರಲ್ಲಿ ಬಣ್ಣಗಾರಿಕೆಯ ತುಂಬ ಮರಳು ಚೆಲ್ಲಿದಂಥ ನಾಯ್ಸ್, ಇನ್ನೊಂದರಲ್ಲಿ ಗೋಡೆಗೆ ಹಾಕಬಹುದಾದ ಚಿತ್ರ. ಇನ್ನು ಫೋನ್ ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸಿ ಕತ್ತಲೆಯನ್ನು ಗೆಲ್ಲುತ್ತದೆ. ನಿಂತ ದೇವಸ್ಥಾನಕ್ಕೆ ಆ ಉಪಾಯ ಸಾಕು, ಹಾರುವ ಅಭಿಮನ್ಯುವಿಗೆ ಸಾಲದು.

ಆ 50 ಎಂಎಂ ಲೆನ್ಸಿನ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಅದೇ ಬೆಳಕಿನ ಕೊರತೆಯನ್ನು ದೊಡ್ಡ ಸೆನ್ಸರಿನಿಂದ ನೀಗಿಸುತ್ತೇನೆಂದು ಹೊರಟರೆ ಲೆಕ್ಕ ಬೇರೆಯೇ ಆಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಸೆನ್ಸರ್, ನಿಕಾನ್‌ನಲ್ಲಿ 23.5×15.6. ವಿಸ್ತೀರ್ಣದಲ್ಲಿ ವ್ಯತ್ಯಾಸ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಒಂಬತ್ತೂವರೆ ಎಲ್ಲಿ, ಎರಡೂಕಾಲು ಎಲ್ಲಿ? ಆದರೂ ಕ್ಯಾಮೆರಾ ಕೊಳ್ಳಲು ಹೊರಟವರು ತಿಂಗಳುಗಟ್ಟಲೆ ಹೋಲಿಸುವುದು ಬಾಡಿಗಳನ್ನು. ಲೆನ್ಸ್ ಏನು ಬಂದಿದೆಯೋ ಅದು.

ಹೋಲಿಕೆಯ ಪಟ್ಟಿಗಳಲ್ಲಿ ಮೆಗಾಪಿಕ್ಸೆಲ್ ಎಲ್ಲಕ್ಕಿಂತ ಮೇಲೆ ಕೂತಿರುತ್ತದೆ. 24 ಮೆಗಾಪಿಕ್ಸೆಲ್ ಎಂದರೆ 6000×4000 ಚುಕ್ಕಿಗಳು. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 20×13 ಇಂಚಿನ ಪ್ರಿಂಟ್ ಸಲೀಸಾಗಿ ಬರುತ್ತದೆ. ಮದುವೆಯ ಕರಿಜ್ಮಾ ಆಲ್ಬಮ್ಮಿನ ಒಂದು ಪುಟಕ್ಕೆ ಇದು ಧಾರಾಳ. ಪ್ರಿಂಟಿನ ಉದ್ದ ಅಗಲ ಎರಡೂ ದುಪ್ಪಟ್ಟಾಗಬೇಕಾದರೆ ಮೆಗಾಪಿಕ್ಸೆಲ್ ನಾಲ್ಕು ಪಟ್ಟಾಗಬೇಕು. ಹಾಗಾಗಿ 24ಕ್ಕೂ 26ಕ್ಕೂ ನಡುವಿನ ಅಂತರ ಕಾಗದದ ಮೇಲೆ ಕಾಣುವುದೇ ಇಲ್ಲ. ದೂರದ ಹಕ್ಕಿಯನ್ನು ಕತ್ತರಿಸಿ ಹತ್ತಿರ ತರುವವರಿಗೆ ಮಾತ್ರ ಹೆಚ್ಚಿನ ಚುಕ್ಕಿಗಳು ನಿಜವಾಗಿ ಉಪಯೋಗಕ್ಕೆ ಬರುತ್ತವೆ. 2017ರ ನಿಕಾನ್ ಡಿ850, ತನ್ನ 45.7 ಮೆಗಾಪಿಕ್ಸೆಲ್‌ಗಳೊಂದಿಗೆ, ಪಕ್ಷಿ ಛಾಯಾಗ್ರಾಹಕರಿಗೆ ಇಂದಿಗೂ ಪ್ರಿಯವಾಗಿರುವುದಕ್ಕೆ ಇದೊಂದು ಕಾರಣ.

ಪಟ್ಟಿ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು, ನಮ್ಮಲ್ಲಿ ಮೊದಲ ಕ್ಯಾಮೆರಾ ಎಂದು ಬಹಳ ಮಂದಿ ಕೊಂಡಿರುವ, 2018ರ ಕ್ಯಾನನ್ 1500ಡಿ. ಇನ್ನೊಂದು, ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ಸಿಗುವ 2015ರ ನಿಕಾನ್ ಡಿ7200. ಮೆಗಾಪಿಕ್ಸೆಲ್ ನೋಡಿದರೆ 24.1 ಮತ್ತು 24.2, ಅಂದರೆ ಸರಿಸಮ. ವಯಸ್ಸು ನೋಡಿದರೆ 1500ಡಿ ಕಿರಿಯದು. ಇನ್ನು ಒಳಗೆ ಇಳಿಯಿರಿ. 1500ಡಿಗೆ ಫೋಕಸ್ ಬಿಂದುಗಳು 9, ಅದರಲ್ಲಿ ಅಡ್ಡಗೆರೆ ಉದ್ದಗೆರೆ ಎರಡನ್ನೂ ಗುರುತಿಸಬಲ್ಲದ್ದು ನಡುವಿನದೊಂದೇ. ಡಿ7200ಗೆ ಬಿಂದುಗಳು 51, ಅಂಥ ಚುರುಕಿನವು 15. ಒಂದು ಸೆಕೆಂಡಿಗೆ 3 ಫ್ರೇಮ್ ತೆಗೆದರೆ ಮತ್ತೊಂದು 6. ಒಂದರ ವ್ಯೂಫೈಂಡರ್ ದೃಶ್ಯದ 95 ಭಾಗವನ್ನಷ್ಟೇ ತೋರಿಸುತ್ತದೆ, ಅಂಚಿನಲ್ಲಿ ಯಾರದೋ ಮೊಣಕೈ ನುಸುಳಿದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಮತ್ತೊಂದು ಪೂರ್ತಿ ನೂರನ್ನೂ ತೋರಿಸುತ್ತದೆ. ಡಿ7200ಗೆ ಎರಡು ಕಾರ್ಡ್ ಕಿಂಡಿ, ಬೆರಳಿಗೊಂದು ಹೆಬ್ಬೆರಳಿಗೊಂದು ಎಂದು ಎರಡು ಡಯಲ್, ತುಂತುರು ಧೂಳು ತಡೆಯುವ ಬಿಗಿ. 1500ಡಿ ಗೆಲ್ಲುವುದು ತೂಕದಲ್ಲಿ: ಅದು 475 ಗ್ರಾಂ, ಡಿ7200 ಮುಕ್ಕಾಲು ಕಿಲೊಗೂ ಹೆಚ್ಚು. ಕೊರಳಿಗೆ ಹಾಕಿಕೊಂಡು ದಿನವಿಡೀ ನಡೆಯುವವರಿಗೆ ಅದೂ ಸಣ್ಣ ಮಾತಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕಲಿಯುವ ಆಸೆಯಿರುವವರಿಗೆ ಹೊಸ ಅಗ್ಗದ ಬಾಡಿಗಿಂತ ಚೆನ್ನಾಗಿ ನೋಡಿಕೊಂಡ ಹಳೆಯ ಮಧ್ಯಮ ದರ್ಜೆಯ ಬಾಡಿ ಎಷ್ಟೋ ಮೇಲು. ಅದರಲ್ಲೂ ಕ್ಯಾನನ್ 3000ಡಿಯಂಥ ತೀರಾ ಕೆಳಗಿನ ಮಾದರಿಯನ್ನು ನಾನು ಯಾರಿಗೂ ಸೂಚಿಸಲಾರೆ. ಲೆನ್ಸ್ ಕೂರುವ ಮೌಂಟ್ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಲೆನ್ಸ್ ಬದಲಿಸುವುದೇ ಈ ಬಗೆಯ ಕ್ಯಾಮೆರಾದ ಜೀವಾಳವಾಗಿರುವಾಗ ಬೆಲೆ ಇಳಿಸಲು ಅಲ್ಲಿ ಕೈ ಹಾಕಬಾರದಿತ್ತು.

ಈಗ ಕ್ಯಾಮೆರಾದೊಳಗಿನ ಕನ್ನಡಿಯ ವಿಚಾರ. ಡಿಎಸ್‌ಎಲ್‌ಆರ್ ಒಳಗೆ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಬೆಳಕು ಅದಕ್ಕೆ ತಾಗಿ ಮೇಲಕ್ಕೆ ಹೋಗಿ, ಐದು ಮೂಲೆಯ ಗಾಜಿನ ಪ್ರಿಸಮ್ಮಿನಲ್ಲಿ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಅಗ್ಗದ ಮಾದರಿಗಳಲ್ಲಿ ಗಟ್ಟಿ ಗಾಜಿನ ಬದಲು ಕನ್ನಡಿಗಳನ್ನೇ ಜೋಡಿಸಿರುತ್ತಾರೆ, ಅದಕ್ಕೇ ಅಲ್ಲಿ ನೋಟ ಸ್ವಲ್ಪ ಮಬ್ಬು, ಸ್ವಲ್ಪ ಕಿರಿದು. ದೊಡ್ಡ ಕನ್ನಡಿಯ ಹಿಂದೆ ಇನ್ನೊಂದು ಪುಟ್ಟ ಕನ್ನಡಿ ಇದ್ದು, ಒಂದಿಷ್ಟು ಬೆಳಕನ್ನು ತಳದಲ್ಲಿರುವ ಫೋಕಸ್ ಸೆನ್ಸರಿಗೆ ಕಳಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿಗಳು ಮೇಲೆ ಮಡಚಿಕೊಂಡು, ಶಟರ್ ತೆರೆದು, ಬೆಳಕು ಚಿತ್ರದ ಸೆನ್ಸರಿನ ಮೇಲೆ ಬೀಳುತ್ತದೆ. ಕೇಳಿಸುವ ‘ಖಟಕ್’ ಸದ್ದು ಆ ಇಡೀ ಚಲನೆಯದು.

ಈ ರಚನೆಯಿಂದ ಬರುವ ಸುಖವೂ ಕಷ್ಟವೂ ಎರಡೂ ನಿಜ. ಕಣ್ಣಿಗೆ ಕಾಣುವುದು ಪರದೆಯಲ್ಲ, ನಿಜವಾದ ಬೆಳಕು. ಅದಕ್ಕೆ ವಿದ್ಯುತ್ ಬೇಡ. 2018ರಲ್ಲಿ ಬಂದ ನಿಕಾನ್ ಡಿ3500ರ ಬ್ಯಾಟರಿ ಒಂದು ಚಾರ್ಜಿಗೆ 1,550 ಫೋಟೊ ಕೊಡುತ್ತದೆಂದು ಕಂಪನಿಯ ಅಳತೆ. ಅದೇ ಅಳತೆಯಲ್ಲಿ ಸಣ್ಣ ಮಿರರ್‌ಲೆಸ್, ಅಂದರೆ ಕನ್ನಡಿಯಿಲ್ಲದ, ಕ್ಯಾಮೆರಾಗಳು ಮುನ್ನೂರು, ನಾನೂರರ ಆಸುಪಾಸಿನಲ್ಲಿ ನಿಲ್ಲುತ್ತವೆ. ಕರೆಂಟಿಲ್ಲದ ಕಾಡಂಚಿನ ಊರಲ್ಲಿ ನಾಲ್ಕು ದಿನ ಉಳಿಯುವವರಿಗೆ ಇದರ ಬೆಲೆ ಗೊತ್ತು. ಕಷ್ಟವೇನೆಂದರೆ, ಫೋಕಸ್ ನೋಡುವ ಸೆನ್ಸರ್ ಒಂದು ಕಡೆ, ಚಿತ್ರ ಮೂಡುವ ಸೆನ್ಸರ್ ಇನ್ನೊಂದು ಕಡೆ. ಎರಡರ ನಡುವೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಇಟ್ಟ ಫೋಕಸ್ ಕಿವಿಯ ಮೇಲೆ ಕೂರುತ್ತದೆ. ಡಿ7200ಯಂಥ ಬಾಡಿಗಳಲ್ಲಿ ಇದನ್ನು ಮೆನುವಿನಲ್ಲೇ ಸರಿಪಡಿಸಿಕೊಳ್ಳಬಹುದು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಸೌಲಭ್ಯವಿಲ್ಲ, ಸರ್ವೀಸ್ ಸೆಂಟರಿಗೇ ಹೋಗಬೇಕು. ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡುವುದರಿಂದ ಈ ಸಮಸ್ಯೆಯೇ ಹುಟ್ಟುವುದಿಲ್ಲ.

ಕನ್ನಡಿಯ ಕಾಲ ಮುಗಿಯುತ್ತಿದೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. 1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3 ಬಾಡಿಗೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಜೋಡಿಸಿ ಮಾರಿದಾಗ, ಚಿತ್ರ ತುಂಬಿಕೊಳ್ಳುವ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು ತಿರುಗಬೇಕಿತ್ತು. 1999ರ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರನ್ನು ಫಿಲ್ಮಿನಿಂದ ಬಿಡಿಸಿತು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕಡಿಮೆಗೆ ಬಂದು ಹವ್ಯಾಸಿಗಳ ಕೈಗೆ ಎಟುಕಿತು. 2012ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಎಸ್‌ಎಲ್‌ಆರ್‌ಗಳು 1.6 ಕೋಟಿ. ಅದು ಶಿಖರ. ಅಲ್ಲಿಂದ ಇಳಿಜಾರು. 2018ರಲ್ಲಿ ನಿಕಾನ್ ಜಡ್, ಕ್ಯಾನನ್ ಆರ್‌ಎಫ್ ಎಂಬ ಹೊಸ ಮೌಂಟ್‌ಗಳು ಬಂದವು. 2020ರಲ್ಲಿ ಮಿರರ್‌ಲೆಸ್ ಕ್ಯಾಮೆರಾಗಳ ಸಂಖ್ಯೆ ಡಿಎಸ್‌ಎಲ್‌ಆರ್‌ಗಳನ್ನು ದಾಟಿತು. ಕ್ಯಾನನ್‌ನ 1ಡಿ ಎಕ್ಸ್ ಮಾರ್ಕ್ 3, ನಿಕಾನ್‌ನ ಡಿ6 ಎರಡೂ ಅದೇ ವರ್ಷದವು. ಆ ಮಟ್ಟದ ಡಿಎಸ್‌ಎಲ್‌ಆರ್ ಆಮೇಲೆ ಬಂದಿಲ್ಲ. ಸೋನಿ 2021ರಲ್ಲಿ ಆ ದಾರಿಯನ್ನೇ ಬಿಟ್ಟಿತು. ಪೆಂಟಾಕ್ಸ್ ಮಾತ್ರ ಕನ್ನಡಿಗೆ ನಿಷ್ಠವಾಗಿ ಉಳಿದಿದೆ.

ಹಾಗೆಂದು ಇರುವ ಕ್ಯಾಮೆರಾ ನಾಳೆ ಕೆಲಸ ನಿಲ್ಲಿಸುವುದಿಲ್ಲ. ಹೊಸ ಲೆನ್ಸ್‌ಗಳು ಬರುವುದಿಲ್ಲ, ಬಿಡಿಭಾಗಗಳು ನಿಧಾನವಾಗಿ ಸಿಗದಾಗುತ್ತವೆ, ಮರುಮಾರಾಟದ ಬೆಲೆ ಇಳಿಯುತ್ತದೆ. ಇಳಿಯುವ ಬೆಲೆ ಮಾರುವವರಿಗೆ ನಷ್ಟ, ಕೊಳ್ಳುವವರಿಗೆ ಲಾಭ. ಒಂದು ಕಾಲಕ್ಕೆ ದುಬಾರಿಯಾಗಿದ್ದ ಡಿ750, 6ಡಿ, 5ಡಿ ಮಾರ್ಕ್ 3ಯಂಥ ಫುಲ್ ಫ್ರೇಮ್ ಬಾಡಿಗಳು ಈಗ ಕಾಲೇಜು ಹುಡುಗರ ಉಳಿತಾಯಕ್ಕೂ ನಿಲುಕುವ ಹಂತಕ್ಕೆ ಇಳಿದಿರುವುದು ಇದರಿಂದಲೇ.

ಹಾಗಾದರೆ ಯಾರು ಕೊಳ್ಳಬಾರದು? ಮದುವೆ, ಕಾರ್ಯಕ್ರಮಗಳ ಫೋಟೊಗ್ರಫಿಯಿಂದ ಮನೆ ನಡೆಸಬೇಕೆಂದು ಈಗ ಹೊರಡುವವರು ಡಿಎಸ್‌ಎಲ್‌ಆರ್‌ಗೆ ಬಂಡವಾಳ ಹಾಕುವುದು ಬೇಡ. ಮಿರರ್‌ಲೆಸ್ ಮುಖದಲ್ಲಿ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿದಿಡುತ್ತದೆ. ತಾಳಿ ಕಟ್ಟುವ ಆ ಒಂದು ಗಳಿಗೆಯಲ್ಲಿ ಅದು ಎಷ್ಟು ದೊಡ್ಡ ಆಸರೆ ಎಂದು ಮಂಟಪದಲ್ಲಿ ನಿಂತವರಿಗೇ ಗೊತ್ತು. ವಿಡಿಯೊ ಮುಖ್ಯವಾಗಿದ್ದರೂ ಇದೇ ಮಾತು. 1500ಡಿ, ಡಿ3500 ಎರಡಕ್ಕೂ ಹೊರಗಿನ ಮೈಕ್ ಸಿಕ್ಕಿಸುವ ಕಿಂಡಿಯೇ ಇಲ್ಲ. ಸಂಗೀತ ಕಛೇರಿಗಳಲ್ಲಿ ಫೋಟೊ ತೆಗೆಯುವವರೂ ಮಿರರ್‌ಲೆಸ್ಸನ್ನೇ ನೋಡಲಿ; ಸದ್ದಿಲ್ಲದ ಶಟರಿನಿಂದ ಆಲಾಪನೆಗೆ ಭಂಗವಿಲ್ಲ.

ಕೊಳ್ಳಬೇಕಾದವರು ಬೇರೆ. ಮೂವತ್ತು, ನಲವತ್ತು ಸಾವಿರದೊಳಗೆ ಬೆಳಕು, ಶಟರ್, ಅಪರ್ಚರ್ ಇವುಗಳ ಸಂಬಂಧವನ್ನು ಕೈಯಾರೆ ಕಲಿಯಬೇಕೆನ್ನುವ ವಿದ್ಯಾರ್ಥಿಗಳು. ಮನೆಯಲ್ಲಿ ಅಪ್ಪನದೋ ಮಾವನದೋ ಕ್ಯಾನನ್ ಇಎಫ್, ನಿಕಾನ್ ಎಫ್ ಲೆನ್ಸ್‌ಗಳು ಈಗಾಗಲೇ ಇರುವವರು. ರಂಗನತಿಟ್ಟು, ಕೊಕ್ಕರೆಬೆಳ್ಳೂರುಗಳಿಗೆ ಬಿಡುವಾದಾಗಲೆಲ್ಲ ಹೋಗಿ ಬರುವ, ದೊಡ್ಡ ಬಜೆಟ್ ಇಲ್ಲದ ಹಕ್ಕಿಪ್ರಿಯರು. ಸೆಕೆಂಡಿಗೆ 10 ಫ್ರೇಮ್ ತೆಗೆಯುವ 2016ರ ನಿಕಾನ್ ಡಿ500ಕ್ಕೆ 200-500 ಎಂಎಂ ಲೆನ್ಸ್ ಸೇರಿಸಿದರೆ ಹಾರುವ ಬಣ್ಣದ ಕೊಕ್ಕರೆಗೆ ಅದು ಈಗಲೂ ಯಾವ ಕೊರತೆಯನ್ನೂ ಮಾಡುವುದಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಇದರ ಅರ್ಧದಷ್ಟು ಸೌಲಭ್ಯವೂ ಇಲ್ಲದ ಫಿಲ್ಮ್ ಕ್ಯಾಮೆರಾಗಳಲ್ಲಿ ನಮ್ಮ ಕಾಡಿನ ಚಿತ್ರಗಳನ್ನು ಜಗತ್ತಿಗೆ ತೋರಿಸಿದರು. ಮೂಡಿಗೆರೆಯ ತೋಟದಂಚಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳಿಗಾಗಿ ಕಾದು ಕೂತದ್ದನ್ನು ಅವರ ಓದುಗರೆಲ್ಲ ಬಲ್ಲರು.

ಯಾವಾಗ ಕೊಳ್ಳಬೇಕು ಎಂಬುದಕ್ಕೆ ನಾನು ಒಪ್ಪುವ ಅಳತೆ ಒಂದೇ. ಈಗಿರುವ ಸಾಧನದಲ್ಲಿ ನಿಮಗೆ ಯಾವ ಫೋಟೊ ಸಿಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಲು ಬಂದ ದಿನ ಕೊಳ್ಳಿ. ‘ಕ್ವಾಲಿಟಿ ಚೆನ್ನಾಗಿರಬೇಕು’ ಎಂಬುದು ಉತ್ತರವಲ್ಲ. ‘ಸಂಜೆ ಮಗಳು ಖೊಖೊ ಆಡುವಾಗ ಮುಖ ಮಸುಕಾಗುತ್ತದೆ’, ‘ಹೂವಿನ ಮೇಲಿನ ಜೇಡ ದೊಡ್ಡದಾಗಿ ಬರುವುದಿಲ್ಲ’, ‘ಮರಕುಟಿಗ ಚುಕ್ಕಿಯಷ್ಟೇ ಕಾಣುತ್ತದೆ’ ಎನ್ನುವುದು ಉತ್ತರ. ಮೊದಲನೆಯದಕ್ಕೆ ಎಫ್/1.8 ಲೆನ್ಸ್ ಬೇಕು, ಎರಡನೆಯದಕ್ಕೆ ಮ್ಯಾಕ್ರೊ, ಮೂರನೆಯದಕ್ಕೆ ಕನಿಷ್ಠ 400 ಎಂಎಂ. ಕೊರತೆಯ ಹೆಸರು ತಿಳಿದೊಡನೆ ಲೆನ್ಸ್ ತಾನಾಗಿ ಗೊತ್ತಾಗುತ್ತದೆ, ಲೆನ್ಸ್ ಗೊತ್ತಾದರೆ ಅದನ್ನು ಹೊರುವ ಬಾಡಿ ಯಾವುದೆಂದೂ ತೀರ್ಮಾನವಾಗುತ್ತದೆ. ವರ್ಷಕ್ಕೊಮ್ಮೆ ಕಬಿನಿಗೆ ಹೋಗುವುದಷ್ಟೇ ಇದ್ದರೆ ಲೆನ್ಸನ್ನು ಕೊಳ್ಳುವುದೂ ಬೇಡ; ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಎಂದಾಗ ಭಯ ಸಹಜ. ಆದರೆ ಅರ್ಧ ಗಂಟೆ ಕೂತು ನೋಡಿದರೆ ಭಯದ ಬಹುಪಾಲು ಹೋಗುತ್ತದೆ. ಮೊದಲು ಶಟರ್ ಎಷ್ಟು ಸಲ ಬಡಿದಿದೆ ಎಂದು ತಿಳಿಯಿರಿ. ನಿಕಾನ್‌ನಲ್ಲಿ ಒಂದು ಹೊಸ ಫೋಟೊ ತೆಗೆದು, ಆ ಫೈಲಿನೊಳಗಿನ ಮಾಹಿತಿ ಓದುವ ಯಾವುದಾದರೂ ಸಾಫ್ಟ್‌ವೇರಿಗೆ ಕೊಟ್ಟರೆ ಸಂಖ್ಯೆ ಬರುತ್ತದೆ. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಡಿ750, ಡಿ7200, 5ಡಿ ಮಾರ್ಕ್ 4 ಇವುಗಳ ಶಟರನ್ನು ಕಂಪನಿ ಒಂದೂವರೆ ಲಕ್ಷ ಬಡಿತಕ್ಕೆ ಪರೀಕ್ಷಿಸಿದೆ. ಡಿ500, ಡಿ850ಗೆ ಎರಡು ಲಕ್ಷ. ಅದು ಆಯುಷ್ಯದ ಗೆರೆಯಲ್ಲ, ಅಂದಾಜು. ಆದರೂ ಒಂದು ಲಕ್ಷ ಮೂವತ್ತು ಸಾವಿರ ದಾಟಿದ ಡಿ7200ಗೆ ನಲವತ್ತು ಸಾವಿರ ದಾಟಿದ್ದರ ಬೆಲೆ ಕೊಡಬಾರದು. ಮದುವೆ ಫೋಟೊಗ್ರಾಫರ ಬಾಡಿಗೆ ಎರಡು ಸೀಸನ್‌ನಲ್ಲೇ ಅಷ್ಟು ಬಡಿತ ಆಗಿಹೋಗಿರುತ್ತದೆ, ಹೊರಮೈ ಹೊಳೆಯುತ್ತಿದ್ದರೂ.

ಆಮೇಲೆ ಅಪರ್ಚರನ್ನು ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಅಥವಾ ಆಕಾಶದ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಅಲ್ಲಲ್ಲಿ ಕಪ್ಪು ಚುಕ್ಕೆ ಕಂಡರೆ ಸೆನ್ಸರಿನ ಮೇಲೆ ಧೂಳಿದೆ, ತೊಳೆಸಬಹುದು. ಆದರೆ 2012ರ ನಿಕಾನ್ ಡಿ600 ಕೊಳ್ಳುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ಸೆನ್ಸರಿನ ಮೇಲೆ ಮತ್ತೆ ಮತ್ತೆ ಚುಕ್ಕೆ ಕೂರುವ ದೂರು ಆ ಮಾದರಿಗೆ ಅಂಟಿಕೊಂಡು, 2014ರಲ್ಲಿ ಕಂಪನಿಯೇ ಉಚಿತವಾಗಿ ಶಟರ್ ಬದಲಿಸಿಕೊಡುವುದಾಗಿ ಹೇಳಬೇಕಾಯಿತು. ಆ ರಿಪೇರಿ ಆಗಿದೆಯೇ ಎಂದು ಮಾರುವವರನ್ನು ಕೇಳಿ.

ಲೆನ್ಸಿನ ಪರೀಕ್ಷೆ ನಮ್ಮ ನಾಡಿನಲ್ಲಿ ಇನ್ನೂ ಮುಖ್ಯ. ಆಗುಂಬೆ, ಮಡಿಕೇರಿ, ಕುಂದಾಪುರದ ಮಳೆಗಾಲ ನೋಡಿದ ಲೆನ್ಸಿನೊಳಗೆ ಫಂಗಸ್ ಮನೆ ಮಾಡುವುದು ಬಹಳ ಸುಲಭ. ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರಬಲೆಯಂಥ ಎಳೆಗಳು ಗಾಜಿನ ಮೇಲೆ ಹಬ್ಬಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಕೈಬಿಡಿ. ಅದು ಗಾಜಿನ ಲೇಪವನ್ನೇ ತಿಂದಿರುತ್ತದೆ, ತೊಳೆದರೂ ಗುರುತು ಹೋಗುವುದಿಲ್ಲ. ಸಣ್ಣ ಧೂಳಿನ ಕಣಗಳಿಗೆ ಹೆದರಬೇಕಿಲ್ಲ. ಕೊಂಡ ಮೇಲೆ ಕ್ಯಾಮೆರಾದ ಚರ್ಮದ ಚೀಲದೊಳಗೇ ಅದನ್ನು ಮುಚ್ಚಿಡುವ ರೂಢಿ ಬಿಡಿ. ಮಲೆನಾಡು, ಕರಾವಳಿಯಲ್ಲಿ ಆ ಚೀಲವೇ ಬೂಸ್ಟು ಹಿಡಿಯುತ್ತದೆ. ಆರ್ದ್ರತೆಯನ್ನು ನೂರಕ್ಕೆ ನಲವತ್ತೈದರ ಸುಮಾರಿಗೆ ಹಿಡಿದಿಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಇದ್ದರೆ ಅತ್ಯುತ್ತಮ. ಇಲ್ಲದಿದ್ದರೆ ಗಾಳಿಯಾಡದ ಅಡುಗೆಮನೆಯ ಡಬ್ಬಿ, ಅದರಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು. ಬಣ್ಣ ಮಾಸಿದಾಗ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಲೆನ್ಸ್ ಬಳಸುತ್ತಲೇ ಇರುವುದು ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ.

ಹೊಸದನ್ನೇ ಕೊಳ್ಳುವವರು ದಸರಾ, ದೀಪಾವಳಿಯ ರಿಯಾಯಿತಿವರೆಗೆ ಕಾಯುವುದರಲ್ಲಿ ತಪ್ಪಿಲ್ಲ. ಚೀಲ, ಟ್ರೈಪಾಡ್, ಮೆಮೊರಿ ಕಾರ್ಡ್ ಸೇರಿಸಿದ ಕಾಂಬೊಗಳಿಗೆ ಮಾತ್ರ ಮರುಳಾಗಬೇಡಿ. ಆ ಟ್ರೈಪಾಡ್ ಗಾಳಿಗೇ ನಡುಗುವಂಥದ್ದು. ಬಾಡಿಯೊಂದರ ಬೆಲೆ ಎಷ್ಟೆಂದು ಕೇಳಿ, ಉಳಿದ ದುಡ್ಡನ್ನು ಲೆನ್ಸಿಗೆ ಇಟ್ಟುಕೊಳ್ಳಿ. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡುತ್ತೇವೆ ಎನ್ನುವ ಕಡೆ ಉಳಿಯುವುದು ಮುಖ್ಯವಾಗಿ ಶೇ 18ರ ಜಿಎಸ್‌ಟಿ. ಕಳೆದುಕೊಳ್ಳುವುದು ಭಾರತದ ವಾರಂಟಿ. ಮತ್ತೊಂದು ಮಾತು: ಪ್ರವಾಸಕ್ಕೆ, ಮನೆಯ ಮದುವೆಗೆ ಹಿಂದಿನ ದಿನ ಕೊಳ್ಳಬೇಡಿ. ಬಟನ್ನುಗಳು ಬೆರಳಿಗೆ ಒಗ್ಗಲು ಕೆಲವು ವಾರವಾದರೂ ಬೇಕು.

ನಿಕಾನ್ ಹಳೆಯ ಬಾಡಿ ಆರಿಸುವವರು ಹೊಂದಾಣಿಕೆಯ ಒಂದೆರಡು ವಿಷಯ ಗಮನಿಸಲೇಬೇಕು. ಡಿ3500, ಡಿ5600ಗಳಂಥ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಎಎಫ್-ಡಿ ಎಂಬ ಹಳೆಯ ಲೆನ್ಸ್‌ಗಳು ಅವಕ್ಕೆ ಕೂರುತ್ತವೆ, ಆದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಡಿ7000 ಸಾಲಿನಲ್ಲಿ ಆ ಚಿಂತೆಯಿಲ್ಲ. ಇತ್ತೀಚಿನ ಎಎಫ್-ಪಿ ಲೆನ್ಸ್‌ಗಳು 2008ರ ಡಿ90ಯಂಥ ಹಳೆಯ ಬಾಡಿಗಳಲ್ಲಿ ಫೋಕಸನ್ನೇ ಮಾಡುವುದಿಲ್ಲ. ನಾಲ್ಕೈದು ವರ್ಷದ ನಂತರ ಮಿರರ್‌ಲೆಸ್‌ಗೆ ಹೋಗುವ ಯೋಚನೆಯಿದ್ದರೆ ಎಎಫ್-ಎಸ್ ಲೆನ್ಸ್‌ಗಳನ್ನೇ ಕೊಳ್ಳಿ. ಎಫ್‌ಟಿಜಡ್ ಅಡಾಪ್ಟರ್ ಮೂಲಕ ಅವು ಜಡ್ ಬಾಡಿಗಳಲ್ಲೂ ತಾವಾಗಿ ಫೋಕಸ್ ಮಾಡುತ್ತವೆ, ಎಎಫ್-ಡಿ ಮಾಡುವುದಿಲ್ಲ. ಕ್ಯಾನನ್‌ನವರಿಗೆ ಈ ತೊಡಕು ಕಡಿಮೆ. 1987ರಿಂದ ಬಂದ ಇಎಫ್ ಲೆನ್ಸ್‌ಗಳಿಗೆಲ್ಲ ಮೋಟಾರ್ ಲೆನ್ಸಿನೊಳಗೇ ಇದೆ. ಕಂಪನಿಯದೇ ಅಡಾಪ್ಟರ್ ಹಾಕಿದರೆ ಅವು ಆರ್‌ಎಫ್ ಬಾಡಿಯ ಮೇಲೂ ಹಾಗೆಯೇ ನಡೆಯುತ್ತವೆ.